ಹೆಬ್ಬಾತು ಪ್ರಯೋಗ ಮಾಡುತ್ತದೆ

ಒಬ್ಬ ಮಾಲಿ ತನ್ನ ತೋಟದ ಅಂಚಿನಲ್ಲಿ ಬಗ್ಗಿ ನಿಂತು ಫಲಕವೊಂದನ್ನು ನೆಲಕ್ಕೆ ಬಡಿಯುತ್ತಿದ್ದಾನೆ ಎಂದು ಊಹಿಸಿಕೊಳ್ಳಿ. 'ಇಲ್ಲಿ ಹೆಬ್ಬಾತಿಗೆ ಪ್ರವೇಶವಿಲ್ಲ' ಎಂಬುದು ಫಲಕದ ಅರ್ಥ. ಸುತ್ತಿಗೆ ಮೇಲೇರುತ್ತದೆ, ಇಳಿಯುತ್ತದೆ. ಮತ್ತೆ ಮೇಲೇರುತ್ತದೆ. ಅವನ ಹಿಂದೆ ಸದ್ದಿಲ್ಲದೆ ನಿಂತಿರುವ ನೀವು ಸರಿಯಾದ ಕ್ಷಣ ನೋಡಿ ಒಮ್ಮೆ 'ಹಾಂಕ್' ಎಂದು ಕೂಗುತ್ತೀರಿ. ಮಾಲಿ ಬೆಚ್ಚಿಬೀಳುತ್ತಾನೆ, ಸುತ್ತಿಗೆ ಹೆಬ್ಬೆರಳಿಗೆ ಬೀಳುತ್ತದೆ, ಮುಂದಿನ ಬೀದಿಗೆ ನಿಮ್ಮ ದಾರಿ ತೆರೆಯುತ್ತದೆ. ಹೇಳಲು ಮರೆತೆ: ನೀವೇ ಆ ಹೆಬ್ಬಾತು.

ಇದು 'ಅನ್‌ಟೈಟಲ್ಡ್ ಗೂಸ್ ಗೇಮ್' ಎಂಬ ವಿಡಿಯೋ ಗೇಮಿನ ಒಂದು ಸನ್ನಿವೇಶ. ಕನ್ನಡದಲ್ಲಿ ಹೇಳುವುದಾದರೆ 'ಹೆಸರಿಡದ ಹೆಬ್ಬಾತಿನ ಆಟ'. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ 'ಹೌಸ್ ಹೌಸ್' ಎಂಬ ನಾಲ್ವರ ಪುಟ್ಟ ತಂಡ ಇದನ್ನು ರೂಪಿಸಿತು. 2016ರಲ್ಲಿ ತಂಡದ ಸದಸ್ಯರೊಬ್ಬರು ತಮ್ಮ ಗೆಳೆಯರ ನಡುವಿನ ಸಂದೇಶಗಳಲ್ಲಿ ಒಂದು ಹೆಬ್ಬಾತಿನ ಛಾಯಾಚಿತ್ರವನ್ನು ಹಾಕಿ, ಇದರ ಬಗ್ಗೆ ಒಂದು ಆಟ ಮಾಡೋಣ ಎಂದು ತಮಾಷೆ ಮಾಡಿದ್ದೇ ಮೂಲ. 2019ರ ಸೆಪ್ಟೆಂಬರ್ 20ರಂದು ಆಟ ಹೊರಬಂತು. ಆ ವರ್ಷ ಮುಗಿಯುವುದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. 2020ರಲ್ಲಿ ಅಮೆರಿಕದ ಎರಡು ಪ್ರಮುಖ ಗೇಮ್ ಪ್ರಶಸ್ತಿಗಳಲ್ಲಿ 'ವರ್ಷದ ಆಟ' ಎಂಬ ಗೌರವವೂ ಸಂದಿತು. ಕೋಟಿಗಟ್ಟಲೆ ಹಣ ಸುರಿದು ತಯಾರಿಸಿದ ಯುದ್ಧದ ಆಟಗಳ ನಡುವೆ ಒಂದು ಬಿಳಿ ಹಕ್ಕಿ ಗೆದ್ದದ್ದು ಸುದ್ದಿಯಾಯಿತು.

ವಿಜ್ಞಾನದ ಪುಟಗಳಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ರಜೆಯಲ್ಲಿ ಅಕ್ಕನ ಮಗಳು ಇದನ್ನು ಆಡುತ್ತಿದ್ದಾಗ ನಾನೂ ಅದೇ ಪ್ರಶ್ನೆ ಕೇಳಿಕೊಂಡೆ. 'ಮಕ್ಕಳಿಗೆ ತುಂಟತನ ಕಲಿಸುವುದಕ್ಕೆ ಆಟ ಬೇರೆ ಬೇಕೆ?' ಎಂದು ಗೊಣಗಿದ್ದೂ ಉಂಟು. ಅವಳ ಪಕ್ಕದಲ್ಲಿ ಅರ್ಧ ಗಂಟೆ ಕುಳಿತ ಮೇಲೆ ಗೊಣಗಾಟ ನಿಂತಿತು. ಹಾಗೆಂದು ಸಂದೇಹ ಪೂರ್ತಿ ಹೋಗಲಿಲ್ಲ. ಅದು ಬೇರೊಂದು ರೂಪ ತಾಳಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೆಬ್ಬಾತಿನ ಸಾಮರ್ಥ್ಯಗಳನ್ನು ನೋಡೋಣ. ಅದು ನಡೆಯಬಲ್ಲದು, ಓಡಬಲ್ಲದು, ಈಜಬಲ್ಲದು. ಕತ್ತು ಬಗ್ಗಿಸಬಲ್ಲದು. ಕೊಕ್ಕಿನಿಂದ ವಸ್ತುಗಳನ್ನು ಹಿಡಿದು ಎತ್ತಬಲ್ಲದು, ಎಳೆಯಬಲ್ಲದು. ಕೂಗಬಲ್ಲದು. ರೆಕ್ಕೆ ಬಡಿಯಬಲ್ಲದು. ಅಷ್ಟೇ. ರೆಕ್ಕೆ ಬಡಿದರೂ ಹಾರಲಾರದು, ಕಚ್ಚಲಾರದು, ಯಾರನ್ನೂ ಗಾಯಗೊಳಿಸಲಾರದು. ಇತರ ಆಟಗಳಲ್ಲಿ ಒಂದೊಂದು ಹಂತ ದಾಟಿದಂತೆ ನಾಯಕನಿಗೆ ಹೊಸ ಆಯುಧ, ಹೊಸ ಶಕ್ತಿ ಸಿಗುತ್ತ ಹೋಗುತ್ತವೆ. ಇಲ್ಲಿ ಮೊದಲ ನಿಮಿಷದಲ್ಲಿ ಇದ್ದದ್ದೇ ಕೊನೆಯ ನಿಮಿಷದಲ್ಲೂ. ಬೆಳೆಯುವುದು ಒಂದೇ: ಆಟಗಾರನಿಗೆ ಆ ಊರಿನ ಬಗ್ಗೆ ಇರುವ ತಿಳಿವಳಿಕೆ.

ಇನ್ನೊಂದು ಕಡೆ, ಈ ಹೆಬ್ಬಾತಿಗೆ ಸಾವೂ ಇಲ್ಲ, ಸೋಲೂ ಇಲ್ಲ. ಸಿಕ್ಕಿಬಿದ್ದರೆ ಊರಿನವರು ಕೈಬೀಸಿ ಓಡಿಸುತ್ತಾರೆ, ಕದ್ದ ವಸ್ತುವನ್ನು ಕಿತ್ತುಕೊಂಡು ಮೊದಲಿದ್ದ ಜಾಗದಲ್ಲಿ ಇಡುತ್ತಾರೆ. ಅಂದರೆ ಪ್ರಯೋಗ ಕೆಟ್ಟರೆ ಉಪಕರಣಗಳು ತಾವಾಗಿಯೇ ಸ್ವಸ್ಥಾನಕ್ಕೆ ಮರಳುತ್ತವೆ. ನಮ್ಮ ಶಾಲಾ ಪ್ರಯೋಗಶಾಲೆಯಲ್ಲಿ ಒಂದು ಬೀಕರ್ ಒಡೆದರೆ ಏನಾಗುತ್ತದೆಂಬುದು ನಿಮಗೆ ಗೊತ್ತು.

ಪ್ರಾಣಿವರ್ತನೆಯ ಪಾಠ ಮಾಡಿದವರಿಗೆ ಹೆಬ್ಬಾತು ಎಂದೊಡನೆ ಬೇರೊಂದು ಪ್ರಯೋಗ ನೆನಪಾಗಬೇಕು. 1938ರಲ್ಲಿ ಕೊನ್ರಾಡ್ ಲೊರೆನ್ಜ್ ಮತ್ತು ನಿಕೊ ಟಿಂಬರ್ಗೆನ್ ಬೂದು ಹೆಬ್ಬಾತು ತನ್ನ ಮೊಟ್ಟೆಯನ್ನು ಗೂಡಿಗೆ ಹಿಂತಿರುಗಿಸುವ ಬಗೆಯನ್ನು ವಿವರಿಸಿದರು. ಕಾವು ಕೂತ ಹಕ್ಕಿಗೆ ಗೂಡಿನ ಹೊರಗೆ ಮೊಟ್ಟೆ ಕಂಡರೆ, ಅದು ಕತ್ತು ಚಾಚಿ ಕೊಕ್ಕಿನ ಕೆಳಭಾಗವನ್ನು ಮೊಟ್ಟೆಯ ಆಚೆ ಇಟ್ಟು, ನಿಧಾನವಾಗಿ ತನ್ನತ್ತ ಉರುಳಿಸಿಕೊಳ್ಳುತ್ತದೆ. ಮೊಟ್ಟೆ ಆಚೀಚೆ ಜಾರದಂತೆ ಕೊಕ್ಕನ್ನು ಎಡಕ್ಕೂ ಬಲಕ್ಕೂ ಸರಿಸುತ್ತದೆ. ಈಗ ಚಲನೆ ಆರಂಭವಾದ ಮೇಲೆ ಮೊಟ್ಟೆಯನ್ನು ತೆಗೆದುಬಿಟ್ಟರೆ? ಹಕ್ಕಿ ನಿಲ್ಲುವುದಿಲ್ಲ. ಇಲ್ಲದ ಮೊಟ್ಟೆಯನ್ನು ಗೂಡಿನವರೆಗೂ ಎಳೆದುಕೊಂಡೇ ಬರುತ್ತದೆ. ಆದರೆ ಎಡಬಲದ ತಿದ್ದುಪಡಿ ಮಾತ್ರ ನಿಂತುಹೋಗುತ್ತದೆ, ಏಕೆಂದರೆ ಅದಕ್ಕೆ ಮೊಟ್ಟೆಯ ಸ್ಪರ್ಶ ಬೇಕು. ಒಂದು ಪ್ರಚೋದನೆಯಿಂದ ಶುರುವಾಗಿ ಕೊನೆಯವರೆಗೂ ಓಡುವ ಇಂಥ ಚಲನೆಯನ್ನು ಸ್ಥಿರ ಕ್ರಿಯಾವಿನ್ಯಾಸ ಎನ್ನುತ್ತಾರೆ. ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ ಈ ಇಬ್ಬರು, ಜೇನ್ನೊಣಗಳ ನೃತ್ಯವನ್ನು ಅಭ್ಯಸಿಸಿದ ಕಾರ್ಲ್ ಫಾನ್ ಫ್ರಿಶ್ ಜೊತೆಗೆ, 1973ರಲ್ಲಿ ನೊಬೆಲ್ ಪಾರಿತೋಷಕ ಹಂಚಿಕೊಂಡರು.

ಆ ಪ್ರಯೋಗದಲ್ಲಿ ಹೆಬ್ಬಾತು ಯಂತ್ರದಂತೆ ವರ್ತಿಸಿತು. ಮನುಷ್ಯ ಮೊಟ್ಟೆ ತೆಗೆದು ಏನಾಗುತ್ತದೆಂದು ನೋಡುತ್ತಿದ್ದ. ಮೆಲ್ಬರ್ನಿನ ತಂಡ ಅದನ್ನು ತಲೆಕೆಳಗು ಮಾಡಿದೆ. ಅವರು ಲೊರೆನ್ಜ್‌ರನ್ನು ಮನಸ್ಸಿನಲ್ಲಿಟ್ಟುಕೊಂಡು ಹೀಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಆಟವನ್ನು ಹೀಗೆ ಓದಿದಾಗ ಅದರ ಒಳಗುಟ್ಟು ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ ಎಂಬುದಷ್ಟೇ ನನ್ನ ವಾದ. ಇಲ್ಲಿ ಒಂದೇ ಜಾಡಿನಲ್ಲಿ ಓಡುವವರು ಮನುಷ್ಯರು. ಅವರ ಮೊಟ್ಟೆಯನ್ನು ತೆಗೆದು, ದೂರ ನಿಂತು ನೋಡುವುದು ಹೆಬ್ಬಾತು.

ಒಂದು ಉದಾಹರಣೆ. ಆಟ ನಡೆಯುವುದು ಇಂಗ್ಲೆಂಡಿನ ಹಳ್ಳಿಯನ್ನು ಹೋಲುವ ಒಂದು ಊರಿನಲ್ಲಿ. ಅದರ ಬೀದಿಯಲ್ಲಿ ಒಬ್ಬ ಹುಡುಗ ಆಟಿಕೆ ವಿಮಾನ ಹಿಡಿದು ಆಡುತ್ತಿದ್ದಾನೆ. ಪಕ್ಕದಲ್ಲೇ ಒಬ್ಬಳು ಅಂಗಡಿ ಇಟ್ಟುಕೊಂಡಿದ್ದಾಳೆ. ನಿಮಗೆ ಕೊಟ್ಟಿರುವ ಕೆಲಸ: 'ಯಾರಾದರೂ ತಮ್ಮ ವಸ್ತುವನ್ನು ತಾವೇ ಕೊಂಡುಕೊಳ್ಳುವಂತೆ ಮಾಡು.' ಹೇಗೆ? ಅಂಗಡಿಯವಳನ್ನು ಕೆಲವು ನಿಮಿಷ ಗಮನಿಸಿದರೆ ಅವಳ ಒಂದು ನಿಯಮ ತಿಳಿಯುತ್ತದೆ: ಅಂಗಡಿಯ ಮುಂದೆ ಬಿದ್ದ ಸಾಮಾನು ಕಂಡರೆ ಎತ್ತಿ ಮಾರಾಟದ ಜಾಗದಲ್ಲಿ ಇಡುತ್ತಾಳೆ. ಹುಡುಗನ ನಿಯಮ ಇನ್ನೂ ಸರಳ: ತನ್ನ ವಿಮಾನ ಬೇಕು. ಈ ಎರಡೂ ನಿಯಮಗಳಲ್ಲಿ ಯಾವ ತುಂಟತನವೂ ಇಲ್ಲ, ಎರಡೂ ಸಭ್ಯವಾದವೇ. ಹೆಬ್ಬಾತು ವಿಮಾನವನ್ನು ಕಿತ್ತುಕೊಂಡು ಅಂಗಡಿಯಲ್ಲಿ ಬಿಡುತ್ತದೆ. ಅಂಗಡಿಯವಳು ಅದನ್ನು ಎತ್ತಿ ಇಡುತ್ತಾಳೆ. ಹುಡುಗ ಬಂದು ದುಡ್ಡು ಕೊಟ್ಟು ಒಯ್ಯುತ್ತಾನೆ. ಮೂರನೆಯವನ ಕೊಕ್ಕು ನಡುವೆ ಬಂದಾಗ ಎರಡು ಸರಿಗಳು ಸೇರಿ ಒಂದು ಅನ್ಯಾಯ ಹುಟ್ಟಿತು.

ಮುಂದಿನ ಹಂತದ ಹಿತ್ತಲುಗಳಲ್ಲಿ ಇದೇ ತತ್ತ್ವ ಇನ್ನೂ ಸೊಗಸಾಗಿದೆ. ಬೇಲಿಯ ಒಂದು ಕಡೆ ಅಚ್ಚುಕಟ್ಟಿನ ಗಂಡಸು, ಇನ್ನೊಂದು ಕಡೆ ಅವನ ನೆರೆಯವಳು. ತನ್ನದಲ್ಲದ ವಸ್ತು ತನ್ನ ಹಿತ್ತಲಲ್ಲಿ ಕಂಡರೆ ಅವಳು ಬೇಲಿಯ ಮೇಲಿಂದ ಆಚೆ ಎಸೆಯುತ್ತಾಳೆ. ಪಟ್ಟಿಯಲ್ಲಿರುವ ಕೆಲಸ: 'ಬೆಲೆಬಾಳುವ ಹೂದಾನಿಯನ್ನು ಯಾರಾದರೂ ಒಡೆಯುವಂತೆ ಮಾಡು.' ಇಷ್ಟು ಹೇಳಿದ ಮೇಲೆ ಉತ್ತರ ನಿಮಗೆ ಹೊಳೆದಿರಬೇಕು. ಹೊಳೆಯಿತೆ? ಆ ಕ್ಷಣದ ಸಂತೋಷವೇ ಈ ಆಟದ ಬಂಡವಾಳ.

ಗಣಕ ವಿಜ್ಞಾನದಲ್ಲಿ ಇಂಥ ವರ್ತನೆಯನ್ನು ವಿವರಿಸಲು ಪರಿಮಿತ ಸ್ಥಿತಿ ಯಂತ್ರ ಎಂಬ ಪರಿಕಲ್ಪನೆ ಇದೆ. ಹೆಸರು ಭಾರವಾದರೂ ವಿಷಯ ಹಗುರ. ಒಂದು ವ್ಯವಸ್ಥೆಗೆ ಎಣಿಸಬಹುದಾದಷ್ಟು ಸ್ಥಿತಿಗಳಿರುತ್ತವೆ; ಯಾವುದೇ ಕ್ಷಣದಲ್ಲಿ ಅದು ಅವುಗಳಲ್ಲಿ ಒಂದರಲ್ಲಿ ಮಾತ್ರ ಇರುತ್ತದೆ; ಹೊರಗಿನಿಂದ ಬರುವ ಸಂಕೇತಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಚೌಕದ ಸಂಚಾರದೀಪ ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ಮಾಲಿಯನ್ನು ಹೊರಗಿನಿಂದ ನೋಡಿ ಹೀಗೆ ಬರೆಯಬಹುದು: 'ಕೆಲಸ ಮಾಡುತ್ತಿದ್ದಾನೆ', 'ವಸ್ತು ಕಾಣೆಯಾದದ್ದನ್ನು ಗಮನಿಸಿದ', 'ಹುಡುಕುತ್ತಿದ್ದಾನೆ', 'ಹೆಬ್ಬಾತನ್ನು ಅಟ್ಟುತ್ತಿದ್ದಾನೆ', 'ವಸ್ತುವನ್ನು ಮರಳಿ ಇಡುತ್ತಿದ್ದಾನೆ', ಮತ್ತೆ 'ಕೆಲಸ ಮಾಡುತ್ತಿದ್ದಾನೆ'. ತಂತ್ರಾಂಶದ ಒಳಗೆ ಬರೆದಿರುವುದು ಇದೇ ರೀತಿಯಲ್ಲೋ ಬೇರೆ ರೀತಿಯಲ್ಲೋ, ಆಟಗಾರನಿಗೆ ಅದು ಮುಖ್ಯವಲ್ಲ. ಅವನು ಮಾಡಬೇಕಾದದ್ದು ಪೆಟ್ಟಿಗೆಯನ್ನು ತೆರೆಯದೆ ಒಳಗಿನ ನಿಯಮವನ್ನು ಊಹಿಸುವುದು.

ಅಕ್ಕನ ಮಗಳು ಆಡಿದ ರೀತಿ ನನ್ನನ್ನು ಹಿಡಿದು ಕೂರಿಸಿದ್ದು ಇಲ್ಲೇ. ಅವಳು ಮೊದಲು ಸುಮ್ಮನೆ ಪೊದೆಯ ಹಿಂದೆ ನಿಂತಳು. ಮಾಲಿ ಎಲ್ಲಿಂದ ಎಲ್ಲಿಗೆ ಹೋಗುತ್ತಾನೆ, ಯಾವಾಗ ಬೆನ್ನು ತಿರುಗಿಸುತ್ತಾನೆ ಎಂದು ನೋಡಿದಳು. 'ನಲ್ಲಿ ತಿರುಗಿಸಿದರೆ ನೀರು ಚಿಮ್ಮುವ ಜಾಗಕ್ಕೆ ಅವನು ಬರುವವರೆಗೆ ಕಾಯಬೇಕು' ಎಂದು ತನಗೆ ತಾನೇ ಹೇಳಿಕೊಂಡಳು. ಮಾಡಿದಳು, ತಪ್ಪಿತು. 'ಬೇಗ ತಿರುಗಿಸಿಬಿಟ್ಟೆ' ಎಂದಳು. ಮತ್ತೆ ಮಾಡಿದಳು. ಮಾಲಿ ಒದ್ದೆಯಾದ. ವೀಕ್ಷಣೆ, ಊಹೆ, ಪರೀಕ್ಷೆ, ತಿದ್ದುಪಡಿ ಎಂದು ನಾವು ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ಬರೆಯುವುದನ್ನು ಅವಳು ಹೆಸರು ಹೇಳದೆ ಮಾಡಿ ಮುಗಿಸಿದ್ದಳು. ತಪ್ಪಿದಾಗ ಅವಳು 'ಆಟ ಸರಿಯಿಲ್ಲ' ಎನ್ನಲಿಲ್ಲ. ಇಷ್ಟು ಪ್ರಾಮಾಣಿಕ ತಿದ್ದುಪಡಿಯನ್ನು ನಾನು ಪ್ರಯೋಗದ ವರದಿ ಪುಸ್ತಕಗಳಲ್ಲಿ ಹೆಚ್ಚು ಕಂಡಿಲ್ಲ. ಅಲ್ಲಿ ಎಲ್ಲರ ಗುರುತ್ವ ವೇಗೋತ್ಕರ್ಷವೂ 9.8 ಬಂದೇ ಇರುತ್ತದೆ.

ಸಂಗೀತದ ಬಗ್ಗೆ ಎರಡು ಮಾತು. ಫ್ರೆಂಚ್ ಸಂಗೀತಗಾರ ಕ್ಲೋಡ್ ಡೆಬ್ಯುಸಿ 1909ರಿಂದ 1913ರ ನಡುವೆ ರಚಿಸಿದ ಪಿಯಾನೊ ಕೃತಿಗಳನ್ನು ಡ್ಯಾನ್ ಗೋಲ್ಡಿಂಗ್ ಈ ಆಟಕ್ಕೆ ಹೊಂದಿಸಿದ್ದಾರೆ. ಹೊಂದಿಸಿದ ಬಗೆ ಸ್ವಾರಸ್ಯಕರ. ಪ್ರತಿ ಕೃತಿಯನ್ನೂ ಎರಡು ಬಗೆಯಲ್ಲಿ ಸಿದ್ಧಪಡಿಸಿ, ಒಂದರಲ್ಲಿ ಪೂರ್ಣ ಹುರುಪು, ಇನ್ನೊಂದರಲ್ಲಿ ಮೆಲುದನಿ, ಅವನ್ನು ಕೆಲವೇ ಕ್ಷಣಗಳ ತುಣುಕುಗಳಾಗಿ ಕತ್ತರಿಸಿದ್ದಾರೆ. ಹೆಬ್ಬಾತು ಸುಮ್ಮನಿದ್ದರೆ ಮೌನ. ಏನೋ ಹೊಂಚುತ್ತಿದ್ದರೆ ಮೆಲುದನಿಯ ತುಣುಕು. ಅಟ್ಟಾಟ ಶುರುವಾದರೆ ಹುರುಪಿನ ತುಣುಕು. ಹೀಗಾಗಿ ಯಾವ ಇಬ್ಬರು ಆಟಗಾರರಿಗೂ ಒಂದೇ ಸಂಗೀತ ಕೇಳಿಸುವುದಿಲ್ಲ. ಸಂಗೀತವೂ ಮೂರು ಸ್ಥಿತಿಗಳ ಒಂದು ಯಂತ್ರವಾಗಿದೆ, ಮತ್ತು ಕಣ್ಣಿಗೆ ಕಾಣದ ಅಳತೆಪಟ್ಟಿಯಾಗಿ ನಿಮ್ಮ ತುಂಟತನದ ಮಟ್ಟವನ್ನು ಕಿವಿಗೆ ತಿಳಿಸುತ್ತಿರುತ್ತದೆ.

ಇನ್ನು ಕತೆ. ಕತೆಯೇ ಇಲ್ಲವೆಂದು ಕೆಲವರಿಗೆ ಅನ್ನಿಸಬಹುದು. ಒಂದು ಮಾತೂ ಇಲ್ಲದ ಆಟವಿದು. ತೋಟ, ಬೀದಿ, ಹಿತ್ತಲು, ಪಾನಗೃಹ, ಕೊನೆಗೆ ಅದೇ ಊರಿನ ಪುಟ್ಟ ಮಾದರಿ. ಮಾದರಿ ಊರಿನ ಗೋಪುರದೊಳಗೆ ಒಂದು ಪುಟ್ಟ ಗಂಟೆ ಇದೆ. ಅದನ್ನು ಕಿತ್ತು, ಬಂದ ದಾರಿಯಲ್ಲೇ ಇಡೀ ಊರನ್ನು ದಾಟಿ ತನ್ನ ನೆಲೆಗೆ ಒಯ್ಯಬೇಕು. ಓಡಿದರೆ ಗಂಟೆ ಬಾರಿಸುತ್ತದೆ, ಎಲ್ಲರೂ ಎಚ್ಚರಗೊಳ್ಳುತ್ತಾರೆ. ಅಷ್ಟು ಹೊತ್ತು ಸದ್ದು ಮಾಡಿ ಇತರರನ್ನು ಬೆಚ್ಚಿಸಿದ ಹಕ್ಕಿಗೆ ಈಗ ತಾನು ಹೊತ್ತ ಸದ್ದೇ ಶತ್ರು. ಕೊನೆಗೆ ಹಳ್ಳದೊಳಗೆ ಗಂಟೆಯನ್ನು ಹಾಕಿದಾಗ ಅಲ್ಲಿ ಅಂಥವೇ ಗಂಟೆಗಳ ರಾಶಿ ಕಾಣುತ್ತದೆ. ಅಂದರೆ ಈ ಹಕ್ಕಿ ಇದನ್ನು ಎಷ್ಟೋ ಬಾರಿ ಮಾಡಿದೆ.

ಆ ರಾಶಿಯನ್ನು ಕಂಡು ನಾನು ನಕ್ಕೆ, ಆಮೇಲೆ ಯೋಚಿಸಿದೆ. ಅಷ್ಟು ಹೊತ್ತು ಊರಿನವರು ಯಂತ್ರಗಳು, ಹೆಬ್ಬಾತು ಸ್ವತಂತ್ರ ಎಂದು ನಂಬಿಸಿದ್ದ ಆಟ ಕೊನೆಯ ಚಿತ್ರದಲ್ಲಿ ಬೇರೇನನ್ನೋ ಸೂಚಿಸುತ್ತದೆ. ಗಂಟೆಯ ಮೇಲೆ ಗಂಟೆ ತಂದು ಸುರಿಯುವ ಈ ಹಕ್ಕಿ, ಇಲ್ಲದ ಮೊಟ್ಟೆಯನ್ನು ಎಳೆದು ತರುವ ಲೊರೆನ್ಜ್‌ರ ಹೆಬ್ಬಾತಿಗಿಂತ ಅಷ್ಟೇನೂ ದೂರವಿಲ್ಲ. ಆಟದ ಅತ್ಯುತ್ತಮ ಹಾಸ್ಯ ಇದೇ ಎಂದು ನನ್ನ ಅಭಿಪ್ರಾಯ.

ಕೊರತೆಗಳೂ ಇವೆ. ಕೆಲಸಗಳ ಪಟ್ಟಿಯನ್ನು ಮೊದಲೇ ಕೈಗೆ ಕೊಡುವುದು ನನಗೆ ಹಿಡಿಸಲಿಲ್ಲ. ತುಂಟತನದ ಜೀವ ಇರುವುದು ಯಾರೂ ಹೇಳದೆ ಮಾಡುವುದರಲ್ಲಿ. 'ಇಂದು ಈ ಐದು ಚೇಷ್ಟೆಗಳನ್ನು ಮಾಡತಕ್ಕದ್ದು' ಎಂದು ಬರೆದುಕೊಟ್ಟರೆ ಅದು ಮನೆಗೆಲಸವಾಗುತ್ತದೆ. ಇದರಿಂದ ಅನ್ವೇಷಣೆಯ ಮೊದಲ ಹೆಜ್ಜೆಯನ್ನೇ, ಅಂದರೆ ಪ್ರಶ್ನೆ ಹುಟ್ಟುವುದನ್ನೇ, ಆಟ ನಮ್ಮಿಂದ ಕಿತ್ತುಕೊಳ್ಳುತ್ತದೆ. ಉತ್ತರದ ದಾರಿ ಹುಡುಕುವುದಷ್ಟೇ ಉಳಿಯುತ್ತದೆ. ಒಳ್ಳೆಯ ವಿಜ್ಞಾನ ಪ್ರಶ್ನೆಪತ್ರಿಕೆಯ ಕೊರತೆಯೂ ಇದೇ ಅಲ್ಲವೆ?

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಬೀದಿಯ ಆ ಹುಡುಗನನ್ನೇ ಮತ್ತೆ ನೋಡಿ. ಅವನು ಹೆಬ್ಬಾತಿಗೆ ಹೆದರುತ್ತಾನೆ. ಮಾಲಿ ತಿರುಗಿಬಿದ್ದು ಅಟ್ಟುತ್ತಾನೆ, ಅಂಗಡಿಯವಳು ಪೊರಕೆ ಬೀಸುತ್ತಾಳೆ, ಹುಡುಗ ಓಡುತ್ತಾನೆ. ಅವನ ಬೂಟಿನ ದಾರ ಬಿಚ್ಚಬೇಕು, ನೀರಿನ ಗುಂಡಿಯಲ್ಲಿ ಬೀಳಿಸಬೇಕು, ಅಟ್ಟಿಸಿಕೊಂಡು ಹೋಗಿ ದೂರವಾಣಿ ಗೂಡಿನೊಳಗೆ ಕೂಡಬೇಕು. ಕನ್ನಡಕ ಕಸಿದು, ಬೇರೆ ಯಾವುದೋ ಕನ್ನಡಕ ಹಾಕಿಕೊಳ್ಳುವಂತೆ ಮಾಡಬೇಕು. ದೊಡ್ಡವರ ಜೊತೆ ಇದೆಲ್ಲ ತುಂಟತನ. ಕನ್ನಡಕವಿಲ್ಲದೆ ಕೈಚಾಚಿ ತಡಕಾಡುವ, ಮೊದಲೇ ಅಂಜಿದ ಮಗುವಿನ ಜೊತೆ ಅದಕ್ಕೆ ಬೇರೆ ಹೆಸರಿದೆ. ನೀವು ಶಿಕ್ಷಕರಾಗಿದ್ದರೆ ನಿಮ್ಮ ತರಗತಿಯಲ್ಲಿ ಆ ಹುಡುಗನನ್ನು ಕಂಡಿದ್ದೀರಿ. ನಾನು ಕಂಡಿದ್ದೇನೆ. ಎಂಟನೆಯ ತರಗತಿಯಲ್ಲಿ ಒಬ್ಬ, ವಾರಕ್ಕೊಮ್ಮೆಯಾದರೂ ಅವನ ಕನ್ನಡಕ ಬೆಂಚಿನಿಂದ ಬೆಂಚಿಗೆ ಹಾರುತ್ತಿತ್ತು. ಎಸೆದವರಿಗೆ ಅವನು ಏನು ಮಾಡುತ್ತಾನೆಂದು ಮೊದಲೇ ಗೊತ್ತಿರುತ್ತಿತ್ತು, ನಗು ಬರುತ್ತಿದ್ದದ್ದೂ ಅದಕ್ಕೇ. ನಾನು ಒಂದೆರಡು ಸಲ ಗದರಿಸಿ ಪಾಠ ಮುಂದುವರಿಸಿದ್ದೆ.

ಇನ್ನೊಬ್ಬರನ್ನು ನಿಯಮಗಳ ಒಂದು ಪೆಟ್ಟಿಗೆಯಾಗಿ ನೋಡುವ ದೃಷ್ಟಿ ಪ್ರಯೋಗಶಾಲೆಯಲ್ಲಿ ಫಲ ಕೊಡುತ್ತದೆ. ಆಟದಲ್ಲಿ ಮಾಲಿಯ ವಿಷಯದಲ್ಲೂ ಅದು ತಮಾಷೆಯಾಗಿಯೇ ಉಳಿಯುತ್ತದೆ, ಏಕೆಂದರೆ ಅವನು ಪ್ರತಿಯಾಗಿ ಏನಾದರೂ ಮಾಡಬಲ್ಲ. ಪ್ರತಿಯಾಗಿ ಏನೂ ಮಾಡಲಾರದವನ ಮೇಲೆ ಅದೇ ದೃಷ್ಟಿ ಹರಿದಾಗ ಆಟ ಒಂದು ಕ್ಷಣವೂ ಅನುಮಾನಿಸುವುದಿಲ್ಲ. ಹುಡುಗನಿಗೂ ಮಾಲಿಗೂ ಒಂದೇ ಹುರುಪಿನ ಪಿಯಾನೊ ನುಡಿಯುತ್ತದೆ. ಇಷ್ಟು ಸೂಕ್ಷ್ಮವಾಗಿ ಕೇಳಿಸಿಕೊಳ್ಳಬಲ್ಲ ಸಂಗೀತ ಇಲ್ಲಿ ಕಿವುಡಾದದ್ದು ತಂಡದ ಅಚಾತುರ್ಯ ಎಂದೇ ನನಗನ್ನಿಸುತ್ತದೆ. ಇದಕ್ಕೆ ಹೋಲಿಸಿ ಪಾನಗೃಹದ ಹೊರಗೆ ಕುಳಿತ ಇಬ್ಬರು ಹೆಂಗಸರ ಸನ್ನಿವೇಶವನ್ನು ನೋಡಿ. ಅವರ ಮುಂದೆ ಹೆಬ್ಬಾತು ಬಗ್ಗಿ, ರೆಕ್ಕೆ ಬಡಿದು, ಕೂಗಿ ತೋರಿಸಿದರೆ ಅವರು ಮೆಚ್ಚಿ ಹೂವು ಕೊಡುತ್ತಾರೆ. ಅದೇ ಸಾಮರ್ಥ್ಯಗಳು, ಅದೇ ಕೂಗು. ಯಾರಿಗೂ ನಷ್ಟವಿಲ್ಲ, ನಗುವಂತೂ ಇದೆ. ಇಂಥ ಇನ್ನೂ ನಾಲ್ಕು ಸನ್ನಿವೇಶಗಳು ಇರಬೇಕಿತ್ತು.

2020ರ ಸೆಪ್ಟೆಂಬರಿನಲ್ಲಿ ಎರಡನೆಯ ಹೆಬ್ಬಾತೊಂದನ್ನು ಉಚಿತವಾಗಿ ಸೇರಿಸಿದರು. ಈಗ ಇಬ್ಬರು ಕೂಡಿ ಆಡಬಹುದು: ಒಬ್ಬರು ಗಮನ ಸೆಳೆದರೆ ಇನ್ನೊಬ್ಬರು ಕದಿಯಬಹುದು. ಕೆಲಸ ಸುಲಭವಾಗುತ್ತದೆ, ಕಾಯುವ ಮತ್ತು ನೋಡುವ ಅಗತ್ಯ ಕಡಿಮೆಯಾಗುತ್ತದೆ. ಗದ್ದಲ ಬೇಕಿದ್ದವರಿಗೆ ಇದು ಚೆನ್ನ. ಮೊದಲ ಸಲ ಆಡುವವರು ಒಬ್ಬರೇ ಆಡುವುದು ಮೇಲು.

ಆಟದ ಹಕ್ಕಿ ಸಾಕು ತಳಿಯ ಬಿಳಿ ಹೆಬ್ಬಾತು. ಐರೋಪ್ಯ ಸಾಕು ಹೆಬ್ಬಾತುಗಳು ಲೊರೆನ್ಜ್ ಅಭ್ಯಸಿಸಿದ ಬೂದು ಹೆಬ್ಬಾತಿನ ವಂಶದವೇ. ಸಾಕಣೆಯಲ್ಲಿ ಮೈ ಭಾರವಾಗಿ ಹಾರುವ ಶಕ್ತಿ ಕುಗ್ಗಿತು. ಹಾಗಾಗಿ ರೆಕ್ಕೆ ಬಡಿದರೂ ನೆಲ ಬಿಡದ ಈ ನಾಯಕ ಜೀವವಿಜ್ಞಾನಕ್ಕೆ ಅಷ್ಟೇನೂ ಅಪಚಾರ ಮಾಡಿಲ್ಲ. ಹಾರುವ ಬಂಧುಗಳನ್ನು ನೋಡಬೇಕೆಂದರೆ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಕ್ಕಳನ್ನು ಕರೆದೊಯ್ಯಿರಿ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಈ ಜಾತಿಯ ಹಕ್ಕಿಗಳು 7000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಆಟದಲ್ಲಿ ಅಕ್ಕನ ಮಗಳು ಮಾಡಿದಂತೆ ಮೊದಲು ಅರ್ಧ ಗಂಟೆ ಮರೆಯಲ್ಲಿ ಸುಮ್ಮನೆ ನಿಂತು ನೋಡುವುದನ್ನು ಅಲ್ಲೂ ಮಾಡಬಹುದು. ಕೂಗುವುದು ಮಾತ್ರ ಬೇಡ.